ಹೊಟ್ಟೆ ಸೀಳಿದ ಪ

ಹಗೇದಿಬ್ಬದ ಹಿಂದೆ, ಕಲ್ಲುಪುಡಿ ಮೆತ್ತಿದ ತಗಡಿನ ನೆರಳಲ್ಲಿ
ಯಂಕೋಬಣ್ಣ ಕೇಳಿದ:
'ಹೆಸ್ರು ಹೆಂಗ್ ಬರೀಬೇಕವ್ವಾ?
ಅಕ್ಷರಕ್ಕೆ ಅರವತ್ತು. ಒತ್ತಿಗೆ ಬ್ಯಾರೆ ಇಪ್ಪತ್ತು.
ಗುಣಿತಕ್ಕೆ ಏನೂ ತಗಳಲ್ಲ.'

ನನ್ನ ಚೀಲದಲ್ಲಿ ಅಪ್ಪ ನಾಲ್ಕು ಬಗೆ ಇದ್ದ.
ಮಿಲ್ಲಿನ ಗುರುತುಚೀಟಿಯಲ್ಲಿ ಪಿ. ಲಿಪ್ಪಣ್ಣ, ಫಿಟ್ಟರ್, ಎರಡನೇ ಪಾಳಿ.
ರೇಷನ್ ಕಾರ್ಡಿನಲ್ಲಿ ಪಿಳ್ಳಪ್ಪ.
ಓಟಿನ ಪಟ್ಟಿಯಲ್ಲಿ ಫೀಲಿಪ, ಲಿಂಗ: ಹೆಣ್ಣು.
ಸಭೆಯ ದಪ್ಪ ರಿಜಿಸ್ಟರಿನ ನಕಲಿನಲ್ಲಿ,
ತಲೆಗೆ ನೀರು ಬಿದ್ದ ದಿನದ ಮಸಿಯಲ್ಲಿ ಮಾತ್ರ
ಫಿಲಿಪ್ಪ.

ಮಣ್ಣು ಮಾಡಿ ಬಂದ ಸಂಜೆ, ಚಾದ ಲೋಟ ಹಿಡಿದು
ಹೊಸ ಅಯ್ಯನವರು ಹೇಳಿದ್ದರು:
ಅದು ಗ್ರೀಕರ ಮಾತು. ಫಿಲೋಸ್ ಅಂದರೆ ಪ್ರೀತಿಸುವವನು,
ಹಿಪ್ಪೋಸ್ ಅಂದರೆ ಕುದುರೆ.
ನಾನು ಸಾವಿನ ಮನೆಯಲ್ಲಿ ನಕ್ಕುಬಿಟ್ಟೆ.
ಚಿಕ್ಕಮ್ಮ ಚಿವುಟಿದಳು.

ಒಂಬತ್ತು ವರ್ಷದ ಅಪ್ಪನ ಹೆಗಲನ್ನು
ರೈಲ್ವೆ ಗೇಟಿನ ಹತ್ತಿರ ಟಾಂಗಾದ ಕುದುರೆ ಕಚ್ಚಿತ್ತು.
ಆಮೇಲೆ ಮದುವೆಯ ಮೆರವಣಿಗೆ ಬಂದರೆ
ಅವನು ಬ್ಯಾಂಡಿನವರ ಹಿಂದೆ.
ಬಟ್ಟೆ ಅಂಗಡಿಯವರು ಕೊಟ್ಟ ಏಳು ಬಿಳಿ ಕುದುರೆಯ ಕ್ಯಾಲೆಂಡರು
ನಮ್ಮ ಮನೆಯಲ್ಲಿ ವರ್ಷವಿಡೀ
ಗೋಡೆಗೆ ಮುಖ ಮಾಡಿ ತೂಗಿತು.

ಮಕೆದೋನಿಯದಲ್ಲಿ ಅದು ಅರಸರ ಹೆಸರಂತೆ.
ಅಲ್ಲಿಂದ ಹೊರಟ ಕುದುರೆ
ಇಟಲಿಯಲ್ಲಿ ಫಿಲಿಪ್ಪೊ ಎಂದು ಬಾಯಿ ದುಂಡಗೆ ಮಾಡಿತು.
ಸ್ಪೇನಿನಲ್ಲಿ ಫೆಲಿಪೆ, ಜೀನು ಹಗುರ.
ಹಂಗೆರಿಯ ಚಳಿಯಲ್ಲಿ ತುಟಿ ಚೂಪಾಗಿ ಫ್ಯೂಲಪ್,
ಫಿನ್ನರ ಹಿಮದಲ್ಲಿ ವಿಲ್ಪು. ಪಾರಸಿಗೆ ಬಂದಾಗ ಫೈಲಕೂಸ್,
ಕುದುರೆ ಎಲ್ಲಿ ತಪ್ಪಿಸಿಕೊಂಡಿತೋ.
ಐರ್ಲೆಂಡಿನವರು ಪಿಲಿಬ್ ಅಂದರು,
ಅವರ ನಾಲಿಗೆಯೂ ನಮ್ಮ ಓಣಿಯದೇ.

ಆ ಹೆಸರಿನ ಒಬ್ಬ ದೊರೆಯಿಂದ
ಕಡಲ ನಡುವಿನ ಏಳು ಸಾವಿರ ದ್ವೀಪಕ್ಕೆ ಫಿಲಿಪೈನ್ಸ್ ಎಂದಾಯಿತು.
ಅಲ್ಲಿಂದ ಬಂದ ಐಆರ್ ಎಂಟು ಭತ್ತ
ಭದ್ರಾ ನಾಲೆಯ ಗುಂಟ ತೆನೆ ಬಿಟ್ಟು,
ಯಾವುದೋ ಒಂದು ಹಿಡಿ ನಮ್ಮ ಭಟ್ಟಿಗಳ ಬಿಸಿ ಮರಳಲ್ಲಿ
ಮಂಡಕ್ಕಿಯಾಗಿ ಅರಳಿರಲೂಬಹುದು.
ಪಾಳಿ ಮುಗಿಸಿ ಬಂದು, ಹಸಿಮೆಣಸಿನಕಾಯಿ ಕಡಿದು
ಅಪ್ಪ ಮುಕ್ಕುತ್ತಿದ್ದುದು ಯಾರ ಹೆಸರನ್ನು?

ನಮ್ಮೂರಿಗೆ ಬಂದಾಗ ಕುದುರೆಗೆ ದಣಿವಾಗಿತ್ತು.
ದಂಡಿನವರು ಇಲ್ಲಿ ಕುದುರೆ ಕಟ್ಟಿ ನೀರು ಕುಡಿಸುತ್ತಿದ್ದರಂತೆ;
ದಾವಣಿಯ ಕೆರೆ, ದಾವಣಗೆರೆ.
ನಿಜವೋ ಸುಳ್ಳೋ, ಕೆರೆ ಈಗ ಎಲ್ಲಿದೆಯೆಂದು
ಕೇಳಿದರೆ ಒಬ್ಬೊಬ್ಬರು ಒಂದೊಂದು ಕಡೆ ಕೈ ತೋರಿಸುತ್ತಾರೆ.
ಹಿಪ್ಪೋಸ್ ಇಲ್ಲಿ ನೀರು ಕುಡಿದು
ತಲೆ ಎತ್ತುವಷ್ಟರಲ್ಲಿ ಅಪ್ಪ ಆಗಿತ್ತು.
ಕೊಟ್ರಪ್ಪ, ನಿಂಗಪ್ಪ, ಹಾಲಪ್ಪ, ಫಿಲಿಪ್ಪ:
ಮಿಲ್ಲಿನ ಗೇಟಿನ ಸಾಲಿನಲ್ಲಿ
ಎಲ್ಲಿಂದ ಬಂದೆಯೋ ಎಂದು ಯಾರೂ ಕೇಳಲಿಲ್ಲ.

ಅಮ್ಮ ಕರೆಯುತ್ತಿದ್ದುದು 'ಏನ್ರೀ'.
ಅದನ್ನು ಕೊರೆಸಲಾಗದು.

'ಬೇಗ ಹೇಳವ್ವಾ,' ಯಂಕೋಬಣ್ಣ ಉಳಿ ಒರೆಸಿದ,
'ಮೊದಲ್ನೇ ಪ, ಹೊಟ್ಟೆ ಸೀಳ್ಲೋ, ಬ್ಯಾಡೋ?'

ಒಂದನೇ ಕ್ಲಾಸಿನ ಸ್ಲೇಟು ನೆನಪಾಯಿತು.
ಅಪ್ಪನ ಹೆಸರು ಬರೆಯಲು ಕೂತು
ಬಳಪ ಒತ್ತಿ ನಾನು ಗೀರಿದಾಗ
ಗ್ರೀಸಿನ ಬೆರಳು ಅಡ್ಡ ಹಿಡಿದು ಅವನು ಅಂದಿದ್ದ:
'ಪಾಪ, ಯಾಕವ್ವಾ ಅದರ ಹೊಟ್ಟೆ ಸೀಳ್ತಿ?
ನನಗೆ ಹಂಗೇ ಸಾಕು.'

ಬೇಡ, ಅಂದೆ.
ಮೂರು ಅಕ್ಷರ, ಒಂದು ಒತ್ತು. ಇನ್ನೂರು ಎಣಿಸಿ ಕೊಟ್ಟೆ.
ಅವನು ಸೀಮೆಸುಣ್ಣದಲ್ಲಿ ಗುರುತು ಹಾಕಿ
ಯಾಕೋ ಕೊನೆಯಿಂದ ಶುರು ಮಾಡಿದ.
ಕಲ್ಲಿನಲ್ಲಿ ಮೊದಲು ಮೂಡಿದ್ದು ಒತ್ತು,
ಮಂಡಿಯೂರಿ,
ಬೆನ್ನು ಬಾಗಿಸಿ,
ಮೇಲೆ ಹತ್ತುವವರಿಗಾಗಿ.