ಎರಡರಿಂದ ಎಂಟು ಡಿಗ್ರಿ

ಮಂಜೇಶ್ವರದ ಕಡಪ್ಪುರದಲ್ಲಿ
ಹತ್ತೂವರೆಗೇ ನನ್ನ ಪೆಟ್ಟಿಗೆಯ ಐಸು ಸೋತಿತು.
ಬೆಳಗಿನ ಜಾವ ಆಸ್ಪತ್ರೆಯಲ್ಲಿ ಕರೆಂಟು ಹೋಗಿ
ಐಸ್‌ಪ್ಯಾಕು ಅರೆಬರೆ ಗಟ್ಟಿ, ಇನ್ನೂ ಇಪ್ಪತ್ತಾರು ಡೋಸು ಬಾಕಿ.
ಎಂಟು ದಾಟಿದರೆ ಅದು ಲಸಿಕೆಯಲ್ಲ, ಬರೀ ನೀರು
ಎಂದು ತರಬೇತಿಯಲ್ಲಿ ಮೂರು ಸಲ
ನನ್ನ ಬಾಯಿಂದಲೇ ಹೇಳಿಸಿದ್ದರು.
ಥರ್ಮಾಮೀಟರು ಏಳೂವರೆ.

ಬಿಜೇಶನ ಬಲೆ ತಪ್ಪಿಸಿ ದೋಣಿಯಡಿ ನುಗ್ಗಿದೆ ಒಂದು,
ಎಡಗಿವಿ ಹರಿದದ್ದು, ಬಾಲದ ತುದಿ ಮಾತ್ರ ಬಿಳಿ.
ಕೊಂಕಣಿ ಟೀಚರ ಮನೆಯಲ್ಲಿ ಅದು ಮೋತಿ
ಬ್ಯಾರಿಯ ಅಂಗಡಿಯಲ್ಲಿ ಸುಲ್ತಾನ
ನರ್ಸಮ್ಮನ ಕ್ವಾರ್ಟರ್ಸಿನಲ್ಲಿ ಕುಟ್ಟಪ್ಪನ್
ಗ್ಯಾರೇಜಿನ ಹುಡುಗರಿಗೆ ಬರೀ ಹೋಯ್.
ನಾಲ್ಕು ನಾಯಿಯೆಂದು ಬರೆದುಕೊಂಡೆ,
ಬಾಲ ಕಂಡ ಮೇಲೆ ಮೂರನ್ನು ಹೊಡೆದುಹಾಕಿದೆ.
ಅನ್ನ ಎಲ್ಲರೂ ಹಾಕುತ್ತಾರೆ.
ನಮ್ಮದಲ್ಲ ಎಂದೂ ಎಲ್ಲರೂ ಹೇಳುತ್ತಾರೆ.
ರಿಜಿಸ್ಟರು ಮಲೆಯಾಳದಲ್ಲಿ, ನನ್ನ ಎಣಿಕೆ ಕನ್ನಡದಲ್ಲಿ,
ಬೈಗುಳ ತುಳುವಿನಲ್ಲಿ.
ನಾಯಿಯೊಡನೆ ಯಾವುದರಲ್ಲಿ ಎಂದು ಯಾರೂ ಕಲಿಸಿಲ್ಲ.

ಮೀನು ಹರಡಿಕೊಂಡು ಕೂತಿದ್ದ ಜಲಜಕ್ಕ
ಆವರೆಗೆ ನಮ್ಮತ್ತ ತಿರುಗಿಯೂ ನೋಡಿರಲಿಲ್ಲ.
ಕಣ್ಣು ಮೇಲೆ ಬರುವಂತೆ ಬಂಗುಡೆ ಜೋಡಿಸುತ್ತಿದ್ದಳು.
"ಪೆಟ್ಟಿಗೆಡ್ ದಾದ ಉಂಡು?"
ಹೇಳಿದೆ. ಬಿಸಿಯೇರುತ್ತಿದೆ ಎಂದೂ ಹೇಳಿದೆ.
ಥರ್ಮಾಕೋಲಿನ ಮುಚ್ಚಳ ತೆಗೆದು
ಮೀನನ್ನು ಬದಿಗೆ ಸರಿಸಿ
ಬೊಗಸೆ, ಇನ್ನೊಂದು ಬೊಗಸೆ, ಐಸು ಸುರಿದಳು.
ಶೀಷೆಗೆ ನೇರ ತಾಗದಂತೆ ನಾನು ಪೇಪರು ಸುತ್ತಿದೆ.
ದುಡ್ಡು ಚಾಚಿದರೆ ಒದ್ದೆ ಕೈಯಲ್ಲೇ
ನನ್ನ ಕೈ ತಳ್ಳಿದಳು.

ಆಮೇಲೆ ಹೇಳಿದ್ದು ನನಗಲ್ಲ, ಬಂಗುಡೆಗಳಿಗೆ:
ತಮ್ಮ. ಪದ್ದು. ಹನ್ನೊಂದು ವರ್ಷ.
ದೋಣಿ ತಳ್ಳುವಾಗ ದೊಡ್ಡವರಿಗಿಂತ ಮೊದಲು
ನೀರಿಗಿಳಿಯುತ್ತಿದ್ದವ.
ಮೀನಖಂಡದಲ್ಲಿ ಹೆಸರುಕಾಳಿನಷ್ಟು ಗಾಯ,
ಸುಣ್ಣ ಹಚ್ಚಿದರು, ನೂಲು ಕಟ್ಟಿಸಿದರು, ಮರೆತರು.
ಎರಡು ತಿಂಗಳು ಕಳೆದು ಒಂದು ಬೆಳಗ್ಗೆ
ಗಂಜಿತಿಳಿಯ ಲೋಟ ಕಂಡು
ತನ್ನ ಗಂಟಲನ್ನು ತಾನೇ ಹಿಡಿದುಕೊಂಡ.

"ಕಡಲು ಮನೆಯಿಂದ ಮೂವತ್ತು ಹೆಜ್ಜೆ.
ಕಿಟಕಿಗೆ ಗೋಣಿ ಹೊಡೆದೆವು, ಬಾಗಿಲಿಗೆ ಚಾಪೆ.
ಸದ್ದಿಗೆ ಏನು ಹೊಡೆಯುವುದು?"

ಅಷ್ಟರಲ್ಲಿ ಒಬ್ಬರು ಬಂದು ರೇಟು ಕೇಳಿದರು.
ನೂರಕ್ಕೆ ಆರು ಎಂದಳು. ಏಳು ಕೊಡು ಎಂದರು.
ಕೊಡಲಿಲ್ಲ.

ದೋಣಿಯಡಿ ಬಿಜೇಶ ಮಂಡಿಯೂರಿ
ನಾಲ್ಕೂ ಹೆಸರು ಕರೆದು ಸೋತಿದ್ದ.
ಅವಳು ಕತ್ತಿಯ ಬೆನ್ನಿನಿಂದ ಹಲಗೆಗೆ
ಟಕ್ ಟಕ್ ಎಂದು ಬಡಿದಳು, ಎರಡೇ ಸಲ.
ಮರಳು ಕೊಡವುತ್ತ ಬಂತು.
ಬಂಗುಡೆಯ ತಲೆ ಜಗಿಯುತ್ತಿದ್ದಾಗ
ಮೊಣಕಾಲ ನಡುವೆ ಅದರ ಕೊರಳನ್ನಿಟ್ಟುಕೊಂಡು
ಸೆರಗಿನಿಂದ ಕಣ್ಣು ಮುಚ್ಚಿ
"ಚುಚ್ಚಿ" ಎಂದಳು. ತಾನೂ ಕಣ್ಣು ಮುಚ್ಚಿದ್ದಳು.
ಅದು ಒಮ್ಮೆ ಹಿಂತಿರುಗಿ ತೊಡೆ ಮೂಸಿ
ಮತ್ತೆ ಮೀನಿನ ತಲೆಗೇ ಬಾಯಿ ಹಾಕಿತು.
ನೆತ್ತಿಗೆ ನೀಲಿ ಬಣ್ಣ. ಬಿಳಿ ಬಾಲಕ್ಕೂ ಒಂದಿಷ್ಟು ಸಿಡಿಯಿತು.

ಮಾಲಿಕರ ಹೆಸರು?
"ಎನ್ನ ಅತ್ತ್," ಎಂದಳು, ಅವಳೂ.
ನಾಯಿ ಅವಳ ಸೀರೆಗೆ ಮುಖ ಒರೆಸಿಕೊಳ್ಳುತ್ತಿತ್ತು.
ಆ ಜಾಗವನ್ನು ಖಾಲಿ ಬಿಟ್ಟು ಹೊರಟೆವು.

ಐಸ್ ಪ್ಲಾಂಟಿನವರೆಗೆ ಹೋದ ಮೇಲೆ ಹಿಂದಿನಿಂದ ಕೂಗು:
"ನನ ಏಪ?"
ಇನ್ನು ಯಾವಾಗ.
ವರ್ಷದೊಳಗೆ ಇನ್ನೊಂದು, ಎಂದೆ.
"ಹಾಗೆ ಬಾಯಲ್ಲಿ ಹೇಳಿ ಹೋಗಬೇಡಿ."
ಪೇಪರಿನ ಚೂರಿನಲ್ಲಿ ತಾರೀಕು ಬರೆದು ಕೊಟ್ಟೆ,
ಎಲೆಯಡಿಕೆಯ ಚೀಲದಲ್ಲಿ, ದುಡ್ಡಿನ ಕೆಳಗೆ, ಇಟ್ಟುಕೊಂಡಳು.

ಸಂಜೆ ಆಫೀಸಿನಲ್ಲಿ
ಹೆಸರಿನ ಜಾಗದಲ್ಲಿ ಮಲೆಯಾಳದ ಅಕ್ಷರಗಳಲ್ಲಿ ಬರೆದೆ:
ಜಲಜ ಸಾಲ್ಯಾನ್, ಕಡಪ್ಪುರ.
ಯಾರೂ ಹೇಳಿಸಿಲ್ಲ. ತಪ್ಪೇ ಇರಬಹುದು.
ಡಾಕ್ಟರು ಪೆಟ್ಟಿಗೆ ತೆರೆದು ಮೂಗು ಮುಚ್ಚಿಕೊಂಡರು.
ಉಳಿದ ಒಂದು ಶೀಷೆಗೆ ಮೀನಿನ ಪೊರೆ ಅಂಟಿತ್ತು.
ಥರ್ಮಾಮೀಟರು ನಾಲ್ಕು.