ನಾಲ್ಕನೇ ಪ್ರಶ್ನೆ

ದುರ್ಗದ ರೇಡಿಯೋದವರು ಏಳು ಪ್ರಶ್ನೆ ಕಳಿಸಿದ್ದಾರೆ
ಮೊಮ್ಮಗಳ ಮೊಬೈಲಿಗೆ.
‘ಉದ್ಯಮ ಸಂಗಾತಿ’, ಬುಧವಾರ ಬೆಳಿಗ್ಗೆ ಒಂಬತ್ತೂವರೆ,
ಅತಿಥಿ: ಶ್ರೀಮತಿ ಮಾಬುನ್ನಿ, ಉದ್ಯಮಿ, ದಾವಣಗೆರೆ.

ಉದ್ಯಮಿ!
ಹರಕು ಗೋಣಿಚೀಲ ಕೊಂಡು, ಕೊಡವಿ, ತೇಪೆ ಹಚ್ಚಿ
ಮೆಕ್ಕೆಜೋಳದ ಮಂಡಿಗೆ ಮಾರುವವಳನ್ನು
ಇಷ್ಟು ವರ್ಷ ಯಾರೂ ಹಾಗೆ ಕರೆದಿರಲಿಲ್ಲ.
ಎರಡು ಸಲ ಹೇಳಿ ನೋಡಿದೆ. ಬಾಯೊಳಗೆ
ಹೊಸ ಹಲ್ಲಿನ ಸೆಟ್ಟಿನ ಹಾಗೆ ಅಲ್ಲಾಡಿತು.

ತಸ್ಮಿಯಾ ಸುತಳಿ ಉಂಡೆಯನ್ನೇ ಮೈಕು ಮಾಡಿ
ನನ್ನ ಮೂಗಿಗೆ ಹಿಡಿದಳು.
‘ಯಾಪಾರ ಅನ್ನಬ್ಯಾಡ ದಾದಿ, ವ್ಯಾಪಾರ.’
‘ಯಾಪಾರ.’
‘ವ್ಯಾ.’
‘ವ್ಯಾ... ಕುರಿ ಒದರಿದಂಗೆ ಆಗ್ತತಿ ಬಿಡೇ.’
ನಕ್ಕೆ. ನಗು ಕೆಮ್ಮಾಯಿತು.
ಮೂವತ್ತು ವರ್ಷದ ಚೀಲದ ಧೂಳು
ಬಾಡಿಗೆ ಕೊಡದೆ ಎದೆಯಲ್ಲಿ ಕೂತಿದೆ;
ಜೇಷ್ಠಮಧು ಚೂರು ದವಡೆಗಿಟ್ಟು ಮತ್ತೆ ಶುರು ಮಾಡಿದೆ.

ಮೊದಲನೆಯದು ಸುಲಭ: ಶುರು ಹೇಗಾಯಿತು?
ಹತ್ತಿ ಗಿರಣಿಯ ಸೈರನ್ನು ನಿಂತ ದಿನ
ನಮ್ಮ ಓಣಿಗೆ ಓಣಿಯೇ ತಡವಾಗಿ ಎದ್ದಿತು.
ಎದ್ದ ಮೇಲೂ ಗಂಡಸರಿಗೆ ಹೋಗಲು ಜಾಗವಿರಲಿಲ್ಲ.
ಬಂಡವಾಳ? ನಲವತ್ತು ಚೀಲ, ಅದೂ ಉದ್ದರಿ.
ವರ್ಷಕ್ಕೆ ವಹಿವಾಟು ಎಷ್ಟು?
ಹೇಳಿದರೆ ಟ್ಯಾಕ್ಸಿನವರು ಕಿವಿ ನಿಮಿರಿಸುತ್ತಾರೆ,
ಹೇಳದಿದ್ದರೆ ಬೀಗರು ನಗುತ್ತಾರೆ.
‘ಅಲ್ಲಾ ಕೊಟ್ಟಷ್ಟು’ ಅಂತ ಬರೆಸಿದೆ.

ನಾಲ್ಕು: ಈ ಕೆಲಸ ನಿಮಗೆ ಕಲಿಸಿದವರು ಯಾರು?

ತಸ್ಮಿಯಾ ಪೆನ್ನು ಹಿಡಿದು ಕಾಯುತ್ತಿದ್ದಾಳೆ.
‘ಮುಂದಿನದು ಓದು’ ಅಂದೆ.
ಐದು, ಆರು, ಏಳು, ಎಲ್ಲಕ್ಕೂ ಉತ್ತರ ಬಂತು,
ಯುವ ಮಹಿಳೆಯರಿಗೆ ಸಂದೇಶ ಸಹಿತ.

ರಾತ್ರಿ ಒಬ್ಬಳೇ ಕೂತು ದಬ್ಬಣಕ್ಕೆ ಸುತಳಿ ಪೋಣಿಸಿದೆ,
ಹೊಲಿಯಲು ಏನೂ ಇರಲಿಲ್ಲ.
ಎಪಿಎಂಸಿ ಯಾರ್ಡಿನ ಬೇವಿನ ಬುಡದಲ್ಲಿ
ಹಮಾಲರ ಕರಿಬಸಮ್ಮ ಕಾಲು ಚಾಚಿ ಕೂತು
ನನ್ನ ಕೈ ಹಿಡಿದು ಚುಚ್ಚಿಸಿದ್ದು:
‘ತೂತಿನ ಅಂಚಿಗೆ ಹೊಲಿಬ್ಯಾಡವ್ವ, ಅಂಚು ಸೋತಿರ್ತತಿ.
ಎರಡು ಬೆರಳು ಹಿಂದಕ್ಕೆ ಸರಿ,
ಗಟ್ಟಿ ಇದ್ದ ಕಡೆಯಿಂದ ಬಾ.’
ಅವಳ ಬುತ್ತಿಯ ಸಜ್ಜೆ ರೊಟ್ಟಿಯಲ್ಲಿ
ಅರ್ಧ ನನ್ನದು, ಎರಡು ವರ್ಷ.

ಮೂರನೇ ವರ್ಷ ಅಕ್ಕಿ ಮಿಲ್ಲಿನ ಗುತ್ತಿಗೆ ಬಂತು.
ಅವಳು ಚೀಲಕ್ಕೆ ಎಷ್ಟು ಕೇಳುತ್ತಾಳೆಂದು
ಅವಳೇ ನನಗೆ ಹೇಳಿದ್ದಳು, ರೊಟ್ಟಿ ಮುರಿಯುತ್ತ.
ನಾನು ಮ್ಯಾನೇಜರನ ಟೇಬಲ್ಲಿನ ಮುಂದೆ ನಿಂತು
ನಾಲ್ಕಾಣೆ ಕಡಿಮೆ ಹೇಳಿದೆ.

ಬೈಯಲಿಲ್ಲ. ಕೂದಲು ಹಿಡಿದು ಎಳೆಯಲಿಲ್ಲ.
ಮರುದಿನ ಬೇವಿನ ಆಚೆ ಬದಿಗೆ ಕೂತಳು, ಅಷ್ಟೇ.
ಹತ್ತೊಂಬತ್ತು ವರ್ಷ, ಒಂದೇ ಮರ,
ಅವಳ ಬೆನ್ನಿಗೆ ಅವಳ ಬದಿ, ನನ್ನ ಬೆನ್ನಿಗೆ ನನ್ನದು.

ರೇಡಿಯೋದ ಹುಡುಗ ಫೋನು ಮಾಡಿದ.
‘ಹೆದರಬೇಡಿ ಅಮ್ಮಾ, ಇದು ರೆಕಾರ್ಡಿಂಗು,
ತಪ್ಪಿದ್ದನ್ನೆಲ್ಲ ಕತ್ತರಿಸಿ ತೆಗೀತೀವಿ.’
‘ಕೆಮ್ಮು?’
‘ಅದನ್ನೂ.’
‘ನಾಲ್ಕನೆಯದನ್ನು ಮಾತ್ರ ಕತ್ತರಿಸಬ್ಯಾಡಪ್ಪ,
ನಡುವೆ ನಾನು ನಿಂತರೂ.’
‘ಯಾಕಮ್ಮಾ, ಏನು ಹೇಳ್ತೀರಿ?’
‘ಇನ್ನೂ ಗೊತ್ತಿಲ್ಲ’ ಅಂದೆ.

ಬೆಳಿಗ್ಗೆ ಅನಗೋಡು ದಾಟುವವರೆಗೂ ಬಸ್ಸಿನ ಕಿಟಕಿಗೆ
‘ಕರಿಬಸಮ್ಮ’ ಎಂಬಷ್ಟನ್ನೇ ಹೇಳಿಕೊಂಡೆ.
ಒತ್ತಕ್ಷರ ಒಂದೇ, ನಾಲಿಗೆ ಎಲ್ಲೂ ಎಡವಲಿಲ್ಲ;
ಮುಂದಿನ ಮಾತಿಗೆ ಮಾತ್ರ ಭರಮಸಾಗರ ಬಂದುಬಿಟ್ಟಿತು.

ಹೊರಡುವ ಮುಂಚೆ ಯಾರ್ಡಿನ ಚಹದ ಅಂಗಡಿಗೆ ಹೋಗಿದ್ದೆ.
‘ರುದ್ರೇಶಿ, ಬುಧವಾರ ಒಂಬತ್ತೂವರೆಗೆ
ರೇಡಿಯೋ ಒಂಚೂರು ಜೋರು ಇಡು.’
‘ನಿನ್ನ ಮಾತು ಬರ್ತತೇನು?’
‘ಬಂದರೆ ಬಂತು.
ಮುಖ ಮಾತ್ರ ಬೇವಿನ ಆಚೆ ಬದಿಗೆ ತಿರುಗಿಸಿಡು.’