ತೊಳೆದ ಕೈ

ಮೂವತ್ತು ವರ್ಷ ಕಾರವಾರದ ಪೇಟೆಯಲ್ಲಿ
ಬಾಂಗಡೆ ಮಾರಿದ ಕೈ.
ನನ್ನ ಗಾಜಿನ ತೊಟ್ಟಿಗೆ ಇಳಿಸುವ ಮುನ್ನ
ಶೇವಂತಿ ಅತ್ತೆ ಮೂರು ಸಲ ಸೋಪು ಹಚ್ಚಿದಳು:
ಜೀವ ಇದ್ದವಕ್ಕೆ
ಸತ್ತವುಗಳ ನಾತ ಬಡಿಯಬಾರದಲ್ಲ.

ವಾಲಿದ್ದ ಕಲ್ಲೊಂದನ್ನು ನೆಟ್ಟಗೆ ಮಾಡಿದಳು, ಅಷ್ಟೆ.

ಸಂಜೆ ನೀರ ಮೇಲೆ ಒಡೆಯದ ಗುಳ್ಳೆಗಳು.
ಪಂಪು ಉಗುಳಿದಷ್ಟೂ ನೊರೆ.
ಕಿತ್ತಳೆ ಪಟ್ಟೆಯವೆರಡೂ ಮೇಲೆ ಬಂದು
ಬಾಯಿ ತೆರೆದು ಮುಚ್ಚಿ, ತೆರೆದು ಮುಚ್ಚಿ.

ಯಾರನ್ನು ಬೈಯುವುದು?
ಅರ್ಧ ನೀರು ಮೋರಿಗೆ ಚೆಲ್ಲಿದೆ,
ಇದ್ದಿಲ ಚೂರನ್ನು ಹಳೇ ಕಾಲುಚೀಲದಲ್ಲಿ ಕಟ್ಟಿ ಇಳಿಬಿಟ್ಟೆ.
ಸ್ಕೂಟರಿಗೆ ಎರಡು ಕ್ಯಾನು ಸಿಕ್ಕಿಸಿ
ಬೈತಖೋಲಕ್ಕೆ ನಾಲ್ಕು ಸಲ.
ಹಿಂದಿನ ಸೀಟಿನಲ್ಲಿ ಅತ್ತೆ:
"ಇಲ್ಲಿ ಬೇಡ, ಡೀಸೆಲ್ ತೇಲ್ತದೆ.
ಬಂಡೆಯಾಚೆ ಹೋಗು, ಭರತದ ನೀರು ತುಂಬು."

ಬೆಳಗಿಗೆ ಒಂದು ಉಳಿದಿತ್ತು.
ಇನ್ನೊಂದನ್ನು ಅಂಗೈಯಲ್ಲಿಟ್ಟುಕೊಂಡು
ಬುಟ್ಟಿಗಟ್ಟಲೆ ಎಣಿಸಿ ಮಾರಿದವಳು
ಒಂದನ್ನು ಎಲ್ಲಿಡುವುದೆಂದು ತಿಳಿಯದೆ ನಿಂತಳು.

ಈಗ ಪೇಟೆಯಿಂದ ಬಂದವಳು
ಬಕೆಟಿನ ಸಮುದ್ರದಲ್ಲಷ್ಟೇ ಕೈ ಅದ್ದುತ್ತಾಳೆ.
ನಾತ ಹೋಗುವುದಿಲ್ಲ.
ಉಳಿದದ್ದು ಆ ನಾತಕ್ಕೇ
ಬೆರಳ ತುದಿಗೆ ಬಂದು ಮುಟ್ಟುತ್ತದೆ.
ಅತ್ತೆ ಮುಖ ತಿರುಗಿಸುತ್ತಾಳೆ,
ಕೈ ಮಾತ್ರ ತೆಗೆಯುವುದಿಲ್ಲ.